ಚಳಿಗೆ ಮುದುಡಿದ ಗಾಳಿ

ಮದುವೆಯಾಗಿ ಹೊಳೆನರಸೀಪುರದಿಂದ ಹಾಸನಕ್ಕೆ ಬಂದು ಎಷ್ಟೋ ತಿಂಗಳಾದರೂ ನಾನೂ ನನ್ನ ಯಜಮಾನರೂ ಸರಿಯಾಗಿ ಮಾತಾಡಿರಲಿಲ್ಲ. ತುಂಬಿದ ಮನೆ. ಗಂಡಹೆಂಡಿರ ಮಾತು ನಾಲ್ಕು ಜನರ ಬಾಯಿ ದಾಟಿಯೇ ತಲುಪಬೇಕಿತ್ತು. ಮನೆಯವರದು ಜವಳಿ ವ್ಯಾಪಾರ. ಇವರೊಬ್ಬರು ಮಾತ್ರ ಅಂಗಡಿ ಬೇಡವೆಂದು ಹಳೆಯ ಕಾರೊಂದನ್ನು ಕೊಂಡು ಅರಕಲಗೂಡು, ಚನ್ನರಾಯಪಟ್ಟಣದ ಕಡೆಗೆ ಬಾಡಿಗೆಗೆ ಓಡಿಸುತ್ತಿದ್ದರು. ಮುಂದೆ ಯುದ್ಧ ಬಂದು ಟೈರೇ ಸಿಗದಾದಾಗ ಆ ಕಾರು ಮಾರಿಹೋಯಿತು. ನಾನು ಹೇಳುತ್ತಿರುವುದು ಅದಕ್ಕೂ ಕೆಲವು ವರ್ಷ ಹಿಂದಿನ ಮಾತು.

ಕಾಫಿ ತೋಟದ ಕೆಲವರು ಸೇರಿ ಬೂವನಹಳ್ಳಿ ಆಚೆಯ ಹುಲ್ಲುಬಯಲಿನಲ್ಲಿ ಕಾರುಗಳ ಪಂದ್ಯ ಇಟ್ಟರು. ಬೇಸಿಗೆಯಲ್ಲಿ ಆಗಬೇಕಿದ್ದದ್ದು ಏನೋ ಕಾರಣಕ್ಕೆ ಮುಂದಕ್ಕೆ ಹೋಗಿ ಶ್ರಾವಣದ ಜಡಿಮಳೆಗೆ ಬಂದು ನಿಂತಿತು. ನಾನು ಆಷಾಢಕ್ಕೆ ತವರಿಗೆ ಹೋಗಿ ಆಗಷ್ಟೇ ಮರಳಿದ್ದೆ. ಓಡಿಸುವವರ ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕೆಂಬುದು ಪಂದ್ಯದ ಕಟ್ಟಳೆ. ಇವರ ಜೊತೆ ಕೂರಬೇಕಿದ್ದ ಗೆಳೆಯನಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, "ನೀನು ಬತ್ತೀಯಾ?" ಅಂದರು.

ನಾನು ಅತ್ತೆಯ ಮುಖ ನೋಡಿದೆ. ರಾಗಿ ಕೇರುತ್ತಿದ್ದ ಅವರು ಮೊರ ನಿಲ್ಲಿಸಲೂ ಇಲ್ಲ. "ಓಗಮ್ಮ. ಚಳಿ ಅದೆ, ಕಂಬಳಿ ಒದ್ಕೊಂಡು ಓಗು" ಎಂದರು.

ಕಾರು ನಿಲ್ಲಿಸುವ ಕೊಟ್ಟಿಗೆ ಬಚ್ಚಲುಮನೆಯ ಗೋಡೆಗೆ ಒತ್ತಿಕೊಂಡಿತ್ತು. ಹಂಡೆಯೊಲೆಯ ಕಾವಿನಲ್ಲಿ ಇವರು ಪಂಪು ಒತ್ತಿ ನಾಲ್ಕೂ ಟೈರಿಗೆ ಗಾಳಿ ತುಂಬಿದರು. ಗೇಜು ಇಟ್ಟು ಅಳೆದು, ಬಯಲಿನಲ್ಲಿ ಓಡಿಸಿ ನೋಡೋಣವೆಂದು ಹೊರಟೆವು. ಅಲ್ಲಿ ಮಂಜು, ಮಂಜಿನೊಳಗೇ ಸೋನೆ. ಇಳಿದು ಮತ್ತೆ ಗೇಜು ಇಟ್ಟರೆ ಗಾಳಿ ಕಡಿಮೆ ತೋರಿಸಿತು.

"ತೂತು ಬಿದ್ದದಾ?" ಅಂದೆ. ನಾನು ಅವರನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

"ತೂತಲ್ಲ ಕಣೆ. ಚಳಿಗೆ ಗಾಳಿ ಮುದುಡ್ಕತದೆ. ನಾವು ಕಂಬಳಿಯೊಳಗೆ ಮುದುಡ್ಕಳಕಿಲ್ವಾ, ಅಂಗೆ."

ಒಣ ರಸ್ತೆಯಲ್ಲಾದರೆ ಓಡುತ್ತ ಓಡುತ್ತ ಟೈರು ಬಿಸಿಯಾಗಿ ಒಳಗಿನ ಗಾಳಿ ತಾನೇ ಹಿಗ್ಗುತ್ತದೆ, ಒದ್ದೆ ಹುಲ್ಲಿನಲ್ಲಿ ಬಿಸಿಯೇ ಏರುವುದಿಲ್ಲ, ಅದಕ್ಕೇ ಈ ಚಳಿಗೆ ಬಂದಮೇಲೆ ಇಲ್ಲಿಯೇ ಅಳೆದು ಹಾಕಬೇಕು ಎಂದರು. ಆದರೆ ಎಷ್ಟು? ಹೆಚ್ಚಾದರೆ ಗಾಡಿ ನೆಲ ಹಿಡಿಯದೆ ಕುಣಿಯುತ್ತದೆ. ತೀರಾ ಇಳಿದರೆ ತಿರುವಿನಲ್ಲಿ ತೊನೆಯುತ್ತದೆ. ಓಡಿಸಿಯೇ ತಿಳಿಯಬೇಕು. ಒಂದಿಷ್ಟು ತುಂಬಿ ಬಯಲು ಸುತ್ತುವುದು, ನಿಲ್ಲಿಸಿ ಒಂದಿಷ್ಟು ಬಿಡುವುದು, ಮತ್ತೆ ಸುತ್ತುವುದು. ಪ್ರತಿ ಸಲವೂ ನನ್ನ ಕಡೆ ತಿರುಗಿ "ಎಂಗನ್ನಿಸ್ತು?" ಎಂದು ಕೇಳುವರು.

ನನಗೆ ಹೇಗನ್ನಿಸಿತೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ತವರಿನಲ್ಲೂ ಕೇಳಿದ ನೆನಪಿಲ್ಲ. ಮೊದಮೊದಲು ಸುಮ್ಮನೆ "ಚೆನ್ನಾಗದೆ" ಅಂದೆ. ಆಮೇಲೆ ಕಣ್ಣು ಮುಚ್ಚಿ ಕೂತೆ. ನೆಲದ ಏರಿಳಿತವೆಲ್ಲ ಸೀಟಿನಿಂದ ಮೆಲ್ಲಗೆ ಬೆನ್ನಿಗೆ ಹತ್ತತೊಡಗಿತು.

"ಈಗ ಹಿಂದ್ಗಡೆ ಜಾರ್ತು. ಹೊಳೇಲಿ ಅರಿಗೋಲು ತಿರುಗ್ದಂಗೆ."

ಅವರು ನಕ್ಕು, ಇಳಿದು ಹಿಂದಿನ ಟೈರುಗಳಿಂದ ಚೂರು ಗಾಳಿ ಬಿಟ್ಟರು. ಮತ್ತೆ ಸುತ್ತಿದೆವು. ಮಂಜಿನಲ್ಲಿ ದಿಕ್ಕೇ ಇರಲಿಲ್ಲ. ಮೇಯುವ ಎಮ್ಮೆಗಳು ಒಂದೊಂದಾಗಿ ಮೂಡಿ, ನಮ್ಮನ್ನು ನೋಡಿ, ಕರಗಿಹೋಗುತ್ತಿದ್ದವು. ನಾವು ಹೋಗುತ್ತಿದ್ದೇವೋ, ಬಯಲೇ ನಮ್ಮ ಸುತ್ತ ತಿರುಗುತ್ತಿದೆಯೋ ತಿಳಿಯದು. ಕಂಬಳಿಯ ಒದ್ದೆ ಉಣ್ಣೆಯ ವಾಸನೆ, ತುಳಿದ ಹುಲ್ಲಿನ ವಾಸನೆ. ಆ ವಾರವೆಲ್ಲ ಬೆಳಿಗ್ಗೆ ಹೀಗೇ ಹೋದೆವು. ಟೈರಿನ ಮಾತು ಮುಗಿದಮೇಲೆ ಬೇರೆ ಮಾತು ತಾನಾಗಿ ಬರುತ್ತಿತ್ತು.

ಪಂದ್ಯದ ದಿನ ಮಳೆಗೆ ಹೆದರಿ ಹಲವರು ಬರಲೇ ಇಲ್ಲ. ಕೊನೆಯ ಸುತ್ತಿನಲ್ಲಿ ನಮ್ಮ ಮುಂದೊಂದು ದೊಡ್ಡ ಗಾಡಿ ಹೋಗುತ್ತಿತ್ತು. ತಿರುವಿನ ಒಳಗಿಂದ ನುಗ್ಗಿದರೆ ದಾಟಬಹುದಿತ್ತು.

"ನುಗ್ಲಾ?" ಎಂದರು.

ನೆಲ ಸಡಿಲವಾಗುತ್ತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು. "ಬ್ಯಾಡಿ, ಈಗ ಜಾರ್ತದೆ" ಅಂದೆ. ಅವರು ಕೂಡಲೇ ಪೆಡಲಿನ ಮೇಲಿನ ಕಾಲು ಸಡಿಲಿಸಿದರು. ಆ ಗಾಡಿ ಮುಂದೆ ಹೋಯಿತು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಅಲ್ಲಿಂದ ಮನೆಗೆ ಹೋಗದೆ ಅವರು ಕಾರನ್ನು ಹೊಳೆನರಸೀಪುರದ ರಸ್ತೆಗೆ ತಿರುಗಿಸಿದರು. ಹೇಳದೆ ಕೇಳದೆ, ಮೈಯೆಲ್ಲ ಕೆಸರಾಗಿ ಬಾಗಿಲಲ್ಲಿ ನಿಂತ ನಮ್ಮನ್ನು ಕಂಡು ಅವ್ವ ಗಾಬರಿಬಿದ್ದಳು. "ಅಯ್ಯೋ, ಏನಾಯ್ತವ್ವಾ?" ಅಂದಳು. ಸಂಗತಿ ತಿಳಿದಮೇಲೆ ಬಿಸಿನೀರಿಗೆ ಓಡಿದಳು. ಅಪ್ಪ ಅಳಿಯನಿಗೆ ಪಂಚೆ ಕೊಟ್ಟು, "ಗೆದ್ರಾ?" ಎಂದು ಕೇಳಿದರು.

"ಮೂರನೇದಾಗಿ ಬಂದೋ, ಮಾವ."

"ಪರವಾಗಿಲ್ವೇ! ಎಷ್ಟು ಕಾರು ಓಡಿದ್ವು?"

ಇವರು ಪಂಚೆ ಉಡುವುದರಲ್ಲಿ ಮುಳುಗಿದರು. "ನಾಕು!" ಎಂದು ನಾನೇ ಒಳಗಿಂದ ಕೂಗಿದೆ. ಅಪ್ಪ ನಕ್ಕ ನಗೆಗೆ ಇವರೂ ನಕ್ಕರು.

ಊಟವಾದಮೇಲೆ ಒಣಸೀರೆ ಉಟ್ಟು ಒಳಕೋಣೆಯಲ್ಲಿ ಒರಗಿದೆ. ಹೊರಗೆ ಸೋನೆ ಬಿಟ್ಟಿರಲಿಲ್ಲ. ಪಡಸಾಲೆಯಲ್ಲಿ ಇವರು ಅಪ್ಪನಿಗೆ ಬಯಲನ್ನೂ ಮಂಜನ್ನೂ ಎಮ್ಮೆಗಳನ್ನೂ ವರ್ಣಿಸುತ್ತಿದ್ದರು. ಇಷ್ಟು ಮಾತು ಈ ಮನುಷ್ಯನೊಳಗೆ ಎಲ್ಲಿತ್ತೋ ಎಂದುಕೊಳ್ಳುತ್ತ, ಆ ದನಿ ಕೇಳುತ್ತ ಕೇಳುತ್ತಲೇ ನಿದ್ದೆ ಹೋದೆ.