ಎರಡು ದಿನ ಮೊದಲು

ಹುಮನಾಬಾದಿನ ತೊಗರಿಬೇಳೆ ಮಿಲ್ಲಿನ ಕಂಪನಿಯಲ್ಲಿ ನಮ್ಮ ಮನೆಯ ಪಾಲು ಮೂರರಲ್ಲಿ ಒಂದು. ಉಳಿದ ಷೇರುಗಳು ಬೇಮಳಖೇಡದಿಂದ ಹಳ್ಳಿಖೇಡದವರೆಗೆ ರೈತರ, ಅಂಗಡಿಕಾರರ ಟ್ರಂಕುಗಳಲ್ಲಿ ಚೂರುಚೂರಾಗಿ ಬಿದ್ದಿದ್ದವು. ಅವರಾರೂ ಸಭೆಗೆ ಬರುತ್ತಿರಲಿಲ್ಲ. ಬಂದವರ ಷೇರುಗಳನ್ನಷ್ಟೇ ಎಣಿಸುತ್ತಿದ್ದರಿಂದ ಅಪ್ಪನ ಮಾತೇ ನಡೆಯುತ್ತಿತ್ತು.

ಈ ಗುಟ್ಟು ಹಿಡಿದವರು ಒಂದಿಷ್ಟು ಷೇರು ಇಟ್ಟುಕೊಂಡು ಮಿಲ್ಲಿನ ಕಾಗದಪತ್ರ ನೋಡುತ್ತಿದ್ದ ಅಪ್ಪನ ಗೆಳೆಯರೊಬ್ಬರು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಉಣ್ಣುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಉಂಡ ಮನೆಗೆ ಎರಡು ಬಗೆದವರು ಅವರೇ. ತೊಂಬತ್ತರ ದಶಕದ ಒಂದು ವರ್ಷ ಅಪ್ಪ ಸೋಲಾಪುರದ ಆಸ್ಪತ್ರೆಯಲ್ಲಿ ಮಲಗಿದ್ದ. ತನ್ನ ಬದಲು ಅವ್ವ ಮತ ಹಾಕಲಿ ಎಂದು ನಡುಗುವ ಕೈಯಲ್ಲಿ ಸಹಿ ಮಾಡಿಕೊಟ್ಟ. ಸಭೆಯ ದಿನ ಬೆಳಿಗ್ಗೆ ಆ ಪತ್ರ ಹಿಡಿದು ಅವ್ವ, ನಾನು ಹುಮನಾಬಾದಿನಲ್ಲಿ ಬಸ್ಸಿಳಿದೆವು.

"ಎರಡ ದಿನ ಮೊದಲ ಆಫೀಸಿಗೆ ಮುಟ್ಟಬೇಕಿತ್ರಿ ವೈನಿ. ನಾ ಏನ್ ಮಾಡ್ಲಿ, ಕಾಯ್ದಾ ಅದ," ಎಂದರು ಕಾಕಾ. ನಡಾವಳಿ ಪುಸ್ತಕದಲ್ಲಿ ಅದನ್ನು ತಮ್ಮ ಕೈಯಾರೆ ಬರೆದರು. ನಮ್ಮ ಷೇರುಗಳು ಎಣಿಕೆಗೆ ಬರದಿದ್ದರಿಂದ ಅಪ್ಪನನ್ನು ಇಳಿಸಿ ಅಧ್ಯಕ್ಷರ ಕುರ್ಚಿಯಲ್ಲಿ ತಾವು ಕುಳಿತರು. ಸುದ್ದಿ ಕೇಳಿದ ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ತಿಂಗಳೊಳಗೆ ತೀರಿಕೊಂಡ. ಪತ್ರವನ್ನು ನಾನು ಹರಿಯದೆ ಇಟ್ಟುಕೊಂಡೆ.

ಅಪ್ಪನ ಷೇರುಗಳು ಅವ್ವನ ಹೆಸರಿಗೆ ಬಂದವು. ಮರುವರ್ಷ ಕಾಕಾ ಮಿಲ್ಲನ್ನು ಸೋಲಾಪುರದ ವ್ಯಾಪಾರಿಯೊಬ್ಬರ ವಶ ಮಾಡಲು ಹೊರಟರು. ಜೀಪಿನಲ್ಲಿ ಹಳ್ಳಿಹಳ್ಳಿ ತಿರುಗಿ, ಚಹಾ ಕುಡಿಸಿ, ತಮ್ಮ ಬದಲು ಕಾಕಾ ಮತ ಹಾಕಲಿ ಎಂಬ ಪತ್ರಗಳಿಗೆ ಸಣ್ಣ ಷೇರುದಾರರ ಸಹಿ ಕೂಡಿಸಿದರು. ಅವೆಲ್ಲ ಎಣಿಕೆಗೆ ಬಂದರೆ ನಾವು ಮುಳುಗಿದಂತೆಯೇ. ಅವ್ವ ಹೆದರಿದಳು. ನಾನು ಸಭೆಗೆ ಮುಂಚಿನ ದಿನಗಳೆಲ್ಲ ಆಫೀಸಿನ ಬೆಂಚಿನ ಮೇಲೆ ಕುಳಿತು ಕಾದೆ. ಒಂದು ಪತ್ರವೂ ಬರಲಿಲ್ಲ. ಕಾಯ್ದೆ ಹೇಳಿದವರಿಗೇ ಕಾಯ್ದೆ ಮರೆತಿತ್ತು.

ಸಭೆಯ ದಿನ ಕಾಕಾ ಚೀಲದ ತುಂಬ ಪತ್ರ ತಂದು ಮೇಜಿನ ಮೇಲೆ ಸುರಿದರು. ನಾನು ಎದ್ದು ಹಿಂದಿನ ವರ್ಷದ ನಡಾವಳಿಯನ್ನು ನಿಧಾನವಾಗಿ, ಅಕ್ಷರ ಬಿಡದೆ ಓದಿದೆ. ಓದುತ್ತ ಹೊಟ್ಟೆ ತಣ್ಣಗಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ?

"ಮನಿ ಮಂದ್ಯಾಗ ಇದೆಲ್ಲಾ ಯಾಕವ್ವಾ?" ಎಂದರು ಕಾಕಾ, ನನ್ನ ಕಡೆ ತಿರುಗಿ.

"ನಾ ಏನ್ ಮಾಡ್ಲಿರಿ ಕಾಕಾ, ಕಾಯ್ದಾ ಅದರಿ."

ಆಡಿಟರ್ ಹೌದೆಂದು ತಲೆಯಾಡಿಸಿದರು. ಕೋಣೆಯಲ್ಲಿದ್ದವರ ಷೇರುಗಳಲ್ಲಿ ನಮ್ಮವೇ ಹೆಚ್ಚು. ವ್ಯಾಪಾರಿಯ ಠರಾವು ಬಿದ್ದುಹೋಯಿತು. ಅಂದೇ ಕಾಕಾರ ಅವಧಿಯೂ ಮುಗಿದಿತ್ತು. ಅವರ ಮರುಆಯ್ಕೆಗೂ ಅವ್ವ "ಬ್ಯಾಡ" ಎಂದಳು.

ಅವರು ಎದ್ದಾಗ ಪತ್ರಗಳನ್ನೆಲ್ಲ ನಾನೇ ಚೀಲಕ್ಕೆ ತುಂಬಿದೆ. ಎಲ್ಲದರ ಮೇಲೆ ಅಪ್ಪನ ಪತ್ರವಿಟ್ಟೆ. "ಇದೂ ತಡಾ ಆಗಿ ಬಂದಿತ್ರಿ. ತಗೊಂಡ ಹೋಗ್ರಿ."

ಆ ನಡುಗಿದ ಸಹಿ ನೋಡಿ ಕಾಕಾ ಚೀಲವನ್ನು ಮೇಜಿನ ಮೇಲೆಯೇ ಬಿಟ್ಟರು. ಕೂರಲು ಕೈ ಹಿಂದೆ ಚಾಚಿದರು. ಕುರ್ಚಿಯನ್ನು ಅವ್ವ ಆಗಲೇ ತನ್ನ ಕಡೆ ಎಳೆದುಕೊಂಡಿದ್ದಳು.