ಕ್ಲಿಫರ್ಡ್ ಕೇಳಿದ ಎರಡು ರಾತ್ರಿ

ರಾಚ್‌ಡೇಲಿನ ನಮ್ಮ ಬೀದಿಯಲ್ಲಿ ಹೆಂಗಸರು ಮೂಲವ್ಯಾಧಿಯ ಸುದ್ದಿಯನ್ನೂ ಹಿತ್ತಿಲ ಗೋಡೆಯ ಮೇಲಿಂದ ಕೂಗಿ ಹೇಳುತ್ತಾರೆ. ಸಾಲದ ಸುದ್ದಿ ಮಾತ್ರ ಮನೆಯ ಹೊಸಿಲು ದಾಟಬಾರದು. ಈ ಹಾಳು ಮರ್ಯಾದೆ ಪಕ್ಕದ ಮನೆಯ ಡೋರೀನ್‌ಳಿಂದ ಕಿತ್ತುಕೊಂಡದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವಳು ನನಗೆ ಬಾಯಿಬಿಟ್ಟು ಹೇಳಿದ್ದೂ ಎಲ್ಲ ಮುಗಿದ ಮೇಲೆಯೇ.

ಡೋರೀನ್ ಶಾಲೆಯ ಅಡುಗೆಮನೆಯಲ್ಲಿ ಊರಮಕ್ಕಳಿಗೆಲ್ಲ ಆಲೂಗಡ್ಡೆ ಬೇಯಿಸಿ ಹಾಕಿದವಳು. ಗಂಡ ಕ್ಲಿಫರ್ಡ್ ಬಸ್ಸು ಓಡಿಸುತ್ತಿದ್ದ. ಇದ್ದದ್ದು ಕೌನ್ಸಿಲಿನ ಬಾಡಿಗೆ ಮನೆ. ಒಬ್ಬಳೇ ಮಗಳ ಮದುವೆಯನ್ನು ಹೋಟೆಲಿನಲ್ಲಿ, ಬ್ಯಾಂಡು ಕರೆಸಿ, ಕ್ಲಿಫರ್ಡನ ಕ್ರೆಡಿಟ್ ಕಾರ್ಡಿನ ಮೇಲೆ ಮಾಡಿದರು. ಮದುವೆ ಎರಡು ವರ್ಷಕ್ಕೆ ಮುರಿದುಬಿತ್ತು. ಸಾಲ ಗಟ್ಟಿಮುಟ್ಟಾಗಿ ಉಳಿಯಿತು.

ಕ್ಲಿಫರ್ಡ್ ಕಂಗೆಡಲಿಲ್ಲ. ಸಾಲವನ್ನು ತಮ್ಮ ಕಾರ್ಡಿಗೆ ತಂದರೆ ಎರಡು ವರ್ಷ ಬಡ್ಡಿ ಬೇಡ ಎನ್ನುವ ಬ್ಯಾಂಕುಗಳು ಇಲ್ಲಿ ಬೇಕಾದಷ್ಟಿವೆ. ಗಡುವು ಮುಗಿಯುವ ಹೊತ್ತಿಗೆ ಅವನು ಇನ್ನೊಂದು ಬ್ಯಾಂಕು ಹಿಡಿದು, ಬಾಡಿಗೆ ಮನೆ ಬದಲಾಯಿಸಿದ ಹಾಗೆ ಸಾಲವನ್ನು ಅಲ್ಲಿಗೆ ಸಾಗಿಸುತ್ತಿದ್ದ. ಪಿಂಚಣಿ ಬಂದ ದಿನ ಮೊದಲು ಕಾರ್ಡಿನ ಕಂತು, ಆಮೇಲೆ ಉಳಿದದ್ದರಲ್ಲಿ ಬದುಕು. ಶುಕ್ರವಾರ ಕರಿದ ಮೀನು, ಚಿಪ್ಸು. ಅಕ್ಟೋಬರಿನಲ್ಲಿ ಒಂದು ವಾರ ಬ್ಲ್ಯಾಕ್‌ಪೂಲ್, ಸಮುದ್ರದಂಡೆಯ ದೀಪಗಳು, ಮಧ್ಯಾಹ್ನ ಆರ್ಗನ್ ವಾದ್ಯಕ್ಕೆ ಜೋಡಿ ನೃತ್ಯ. ಡೋರೀನ್ ಗೊಣಗಿದರೆ, "ಸಾಲಗಾರ ಕುಣೀಬಾರ್ದು ಅಂತ ಕಾಯ್ದೆ ಇದ್ಯೇನೇ ಡೋರಿ?" ಎನ್ನುತ್ತಿದ್ದ.

ಅವನಿಗೆ ಎಪ್ಪತ್ತನಾಲ್ಕಾದಾಗ ಯಾವ ಬ್ಯಾಂಕೂ ಹೊಸ ಕಾರ್ಡು ಕೊಡಲಿಲ್ಲ. ಇದ್ದ ಕಾರ್ಡಿನ ಗಡುವು ಕ್ರಿಸ್‌ಮಸ್ಸಿಗೆ ಮುಗಿಯುತ್ತಿತ್ತು, ಆಮೇಲೆ ಬಡ್ಡಿ. ಅವನ ಎದೆಯೂ ಕೆಟ್ಟಿತ್ತು, ಮೆಟ್ಟಿಲು ಹತ್ತಿದರೆ ಉಬ್ಬಸ. ಡೋರೀನ್‌ಗೆ ಭಯ ಹತ್ತಿಕೊಂಡಿತು. ಇವನು ಹೋದರೆ ಆ ಸಾಲ ಬಡ್ಡಿ ಸಮೇತ ತನ್ನ ತಲೆಗೆ, ಆಮೇಲೆ ಮಗಳ ತಲೆಗೆ ಎಂದುಕೊಂಡಳು. ಪರ್ಸು ಕಿತ್ತುಕೊಂಡಳು. ಮೀನು ನಿಂತಿತು, ಒಂದು ಕೋಣೆಗಷ್ಟೇ ಹೀಟರು. ಅವಳು ಬಿಂಗೋ ಆಟಕ್ಕೂ ಬರುವುದನ್ನು ಬಿಟ್ಟಾಗ ಬೀದಿಯವರು ಜಿಪುಣಿ ಎಂದರು. ಅವಳು ಅದನ್ನೂ ನುಂಗಿಕೊಂಡಳು.

ಅಕ್ಟೋಬರಿನಲ್ಲಿ ಕ್ಲಿಫರ್ಡ್ ಕೇಳಿದ:

"ವಾರ ಬೇಡ ಕಣೇ. ಎರಡು ರಾತ್ರಿ ಹೋಗಿಬರೋಣ. ದೀಪ ನೋಡ್ಕೊಂಡು, ಒಂದೇ ಒಂದು ವಾಲ್ಟ್ಸ್ ಕುಣಿದು ಬಂದ್‌ಬಿಡೋಣ."

"ಉಸಿರಾಡಕ್ಕೇ ಆಗಲ್ಲ, ವಾಲ್ಟ್ಸ್ ಅಂತೆ! ಸಾಲ ತೀರಲಿ. ಮುಂದಿನ ವರ್ಷ ಸಮುದ್ರ ಕಾಣೋ ಕೋಣೇನೇ ಹಿಡಿಯೋಣ."

"ಮುಂದಿನ ವರ್ಷ ಸಮುದ್ರ ಅಲ್ಲೇ ಇರತ್ತೆ ಬಿಡು," ಎಂದ.

ಮರುದಿನ ಅವನು ಕುಣಿಯುವ ಶೂಗಳಿಗೆ ಪಾಲಿಶ್ ಹಾಕುತ್ತಿದ್ದ. ಯಾಕೆ ಎಂದರೆ, "ಸುಮ್ನೆ, ಚರ್ಮ ಒಣಗಬಾರ್ದಲ್ಲ," ಎಂದ. ಅವಳಿಗೆ ಅರ್ಥವಾಗಿತ್ತು. ಆದರೂ ಮನಸ್ಸು ಕಲ್ಲು ಮಾಡಿಕೊಂಡಳು.

ಡಿಸೆಂಬರಿನಲ್ಲಿ ಕೊನೆಯ ಕಂತು ಕಟ್ಟಿದಳು. ಜನವರಿಯಲ್ಲಿ ಕ್ಲಿಫರ್ಡ್ ಸತ್ತ.

ಮಣ್ಣು ಮಾಡಿ ಬಂದು ವಾರ ಕಳೆದ ಮೇಲೆ ಕಾರ್ಡು ಮುಚ್ಚಿಸಲು ಬ್ಯಾಂಕಿಗೆ ಫೋನು ಮಾಡಿದಳು. "ಬಾಕಿ ಒಂದು ಪೆನ್ನಿ ಇಲ್ಲ, ನೋಡ್ಕೋಮ್ಮ," ಎಂದು ಹೆಮ್ಮೆಯಿಂದಲೇ ಹೇಳಿದಳಂತೆ. ಆ ಕಡೆಯ ಹುಡುಗಿ ಒಳ್ಳೆಯವಳು, ಸಮಾಧಾನ ಹೇಳಲು ಹೋದಳು.

"ಹೌದು ಮಿಸೆಸ್ ಸ್ಕೋಲ್ಸ್, ಏನೂ ಬಾಕಿ ಇಲ್ಲ. ಇದ್ದಿದ್ರೂ ನೀವು ಚಿಂತೆ ಮಾಡ್ಬೇಕಿರ್ಲಿಲ್ಲ. ಕಾರ್ಡು ಅವರೊಬ್ಬರ ಹೆಸರಲ್ಲೇ ಇತ್ತಲ್ವಾ? ಅವರು ಮನೆ, ಆಸ್ತಿ ಏನೂ ಬಿಟ್ಟುಹೋಗಿಲ್ಲ ಅಂದ್ರೆ ನಾವು ಸಾಲಾನ ಹೊಡೆದುಹಾಕಿಬಿಡ್ತೀವಿ. ಹೆಂಡತಿ ಮಕ್ಕಳನ್ನ ಕೇಳಲ್ಲ."

ಡೋರೀನ್ ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ನೇರ ಹಿತ್ತಿಲಿಗೆ ಬಂದು, ಗೋಡೆ ಹಿಡಿದುಕೊಂಡು, ಮೊದಲಿನಿಂದ ಎಲ್ಲವನ್ನೂ ನನಗೆ ಹೇಳಿದಳು. ಆಚೆ ಮನೆಯ ಮೇವಿಸ್ ಬಟ್ಟೆ ಒಣಹಾಕುತ್ತಿದ್ದವಳು ಕೇಳಿಸಿಕೊಂಡಳು. ಅವಳ ಗಂಡ ಸತ್ತು ಮೂರು ವರ್ಷವಾಗಿತ್ತು.

"ನಮ್ಮನೆಯವರದ್ದೂ ಹಾಗೇ ಹೊಡೆದುಹಾಕಿದ್ರಲ್ಲ. ನಿಂಗೆ ಗೊತ್ತಿರ್ಲಿಲ್ವಾ?"

"ಯಾರಾದ್ರೂ ಹೇಳಿದ್ರೆ ತಾನೇ ಗೊತ್ತಾಗೋದು?" ಎಂದಳು ಡೋರೀನ್.

"ಚೆನ್ನಾಗಿದೆ! ಇಂಥದ್ದನ್ನ ಯಾರಾದ್ರೂ ಬೀದೀಲಿ ಹೇಳ್ಕೋತಾರಾ?"

ನನಗೆ ಮೇವಿಸ್‌ಳ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಅವಳು ಆಡಿದ್ದು ನಮ್ಮೆಲ್ಲರ ಮಾತು.

ಮಾರ್ಚಿನಲ್ಲಿ ಡೋರೀನ್ ಗಂಡನ ಬಟ್ಟೆಬರೆಯನ್ನೆಲ್ಲ, ದಾನ ಬಂದ ಹಳೆಯ ಸಾಮಾನು ಮಾರುವ ಧರ್ಮದಂಗಡಿಗೆ ಕೊಟ್ಟುಬಂದಳು. ಶೂಗಳು ಮಾತ್ರ ಚೀಲದಲ್ಲೇ ಮನೆಗೆ ವಾಪಸಾದವು. ನಾನು ಚಹಾ ಮಾಡಿ ಕೊಟ್ಟೆ. ಅವಳು ಕುಡಿಯಲಿಲ್ಲ. ಒಂದು ಶೂ ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಪಾಲಿಶ್ ಇನ್ನೂ ಮಾಸಿರಲಿಲ್ಲ.

"ಎರಡೇ ರಾತ್ರಿ ಕೇಳಿದ್ದ ಕಣೇ," ಎಂದಳು.