ಊದುವ ಪರೀಕ್ಷೆಯ ಮುಂಜಾನೆ

ಭಾನುವಾರದಿಂದ ಪಂಪು ಮುಟ್ಟಿರಲಿಲ್ಲ. ಮಂಗಳವಾರ ಕಲಬುರಗಿಯ ಆಸ್ಪತ್ರೆಯಲ್ಲಿ ಊದುವ ಪರೀಕ್ಷೆ ಇತ್ತು. ದಮ್ಮಿನ ಪಂಪು, ಗುಳಿಗೆ ಎರಡನ್ನೂ ಅಲ್ಲಿಯವರೆಗೆ ನಿಲ್ಲಿಸು, ಔಷಧಿಯ ಬಲದಲ್ಲಿ ಊದಿದರೆ ನಿಜ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ದಿನ ಚಹಾ ಬೇಡ, ಹೊಟ್ಟೆ ಬಿರಿಯುವಷ್ಟು ಊಟ ಬೇಡ, ಬಿಗಿ ಬಟ್ಟೆ ಬೇಡ. ತೀರಾ ತಡೆಯಲಾಗದಿದ್ದರೆ ಪಂಪು ತಗೋ, ಬಂದು ಹೇಳು ಎಂದೂ ಹೇಳಿದ್ದರು. ಹೇಳಿದರೆ ಪರೀಕ್ಷೆ ಮುಂದೆ ಹೋಗುತ್ತದೆ. ಮುಂದೆ ಹೋದಷ್ಟು ದಿನ ಗಿರಣಿ ತಪ್ಪುವುದಿಲ್ಲ.

ಕಮಲಾಪುರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಡಿಗ್ರಿ ಮುಗಿದ ಮೇಲೆ ಜೋಳ ಸುರಿಯುವುದು, ಹಿಟ್ಟು ತುಂಬಿ ಕೊಡುವುದು ನನ್ನ ಪಾಲಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಎದೆಯಲ್ಲಿ ಸಿಳ್ಳೆ ಏಳುತ್ತಿತ್ತು. ಆದರೆ ಬಸ್ಸು ಹತ್ತಿ ಕಲಬುರಗಿ ಸೇರಿ ಡಾಕ್ಟರ ಮುಂದೆ ಕೂರುವಷ್ಟರಲ್ಲಿ ಅದು ಇಳಿದಿರುತ್ತಿತ್ತು. "ಈಗ ಎದೆ ಸ್ವಚ್ಛ ಇದೆ" ಎಂದು ಅವರು ಅಂದದ್ದಷ್ಟೇ ಅಪ್ಪನ ಕಿವಿಗೆ ಬಿತ್ತು.

"ಗಿರಣಿ ಅಂದ್ರ ಬರ್ತದ, ಕಲಬುರಗಿ ಅಂದ್ರ ಹೋಗ್ತದ. ಭಾಳ ಶಾಣ್ಯಾ ದಮ್ಮು ಅದ ನಿಂದು."

ದಮ್ಮು ಬಂದಾಗಲೆಲ್ಲ ನಾನು ಗಿರಣಿಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ. ಅಪ್ಪ ಅದನ್ನೂ ಬಿಡಲಿಲ್ಲ. "ಗಿರಾಕಿ ಲೆಕ್ಕ ಇಷ್ಟು ನೆಟ್ಟಗ ಬರ್ದಿದ್ರ ಇನ್ನೊಂದು ಗಿರಣಿ ಹಾಕ್ತಿದ್ದೆ." ಕೊನೆಗೆ ಬೇಸತ್ತು ಒಂದು ಮಾತು ಕೊಟ್ಟ. "ದಮ್ಮು ಖರೇ ಅದ ಅಂತ ಆ ಊದೋ ಮಷೀನ್ ಹೇಳ್ಲಿ. ಮರುದಿನದಿಂದ ನೀ ಗಿರಣಿ ಹೊಸ್ತಿಲ ದಾಟಬ್ಯಾಡ."

ಕ್ಯಾಲೆಂಡರಿನ ಸೋಮವಾರದ ಚೌಕದಲ್ಲಿ ಗೀಟಿಗೆ ಜಾಗ ಉಳಿಯಲಿಲ್ಲ. ರಾತ್ರಿ ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೆ. ಅವ್ವ ಬೆನ್ನು ತಿಕ್ಕುತ್ತ "ಪಂಪ್ ತಗೋ ನನ್ನವ್ವಾ" ಎಂದು ಅತ್ತಳು. ಮಾತಾಡಲು ಉಸಿರಿಲ್ಲದೆ ಕೈಯಲ್ಲೇ ಬೇಡ ಎಂದೆ. ಇಷ್ಟು ತಾಳಿಕೊಂಡದ್ದು ವ್ಯರ್ಥವಾದರೆ ಇನ್ನೊಮ್ಮೆ ನನ್ನಿಂದ ಆಗುವುದಿಲ್ಲ ಎಂಬ ಭಯ.

ಬೆಳಿಗ್ಗೆ ಬಸ್ಸಿನಲ್ಲಿ ಅವ್ವ ಚೀಲದಿಂದ ಕೆಂಪು ಬಾಳೆಹಣ್ಣು ತೆಗೆದು, ಸುಲಿದು, ತುದಿ ಮುರಿದು ಬಾಯಿಗಿಟ್ಟಳು. ನಮ್ಮೂರಿನ ಹಣ್ಣು. ಚಿಕ್ಕವಳಿದ್ದಾಗಿನಿಂದ ಕಹಿ ಗುಳಿಗೆಯನ್ನೆಲ್ಲ ಅವಳು ಇದರ ತುದಿಯಲ್ಲೇ ಒತ್ತಿ ಕೊಡುತ್ತಿದ್ದಳು. ಹಾಗಾಗಿ ಮೊದಲ ತುಂಡನ್ನು ನಾನು ಇಂದಿಗೂ ಅಗಿಯುವುದಿಲ್ಲ, ನುಂಗುತ್ತೇನೆ. ಅಂದೂ ನುಂಗಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಎದೆ ಸಡಿಲವಾಗತೊಡಗಿತು. ಕೈ ಸಣ್ಣಗೆ ನಡುಗಿತು. ದಮ್ಮಿನ ಗುಳಿಗೆ ತಗೊಂಡಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಅವ್ವನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡಳು.

"ಹಣ್ಣಿನ್ಯಾಗ ಏನ್ ಇಟ್ಟಿದ್ದಿ?"

"ಪರೀಕ್ಷಾ ಅಂದ್ರ ಪಾಸ್ ಆಗ್ಬೇಕಲ್ಲ ಯವ್ವಾ. ನಡುವ ದಮ್ಮು ಹತ್ತಿದ್ರ ಹ್ಯಾಂಗ ಊದ್ತಿದ್ದಿ?"

ಸಿಟ್ಟು ಬರಲಿಲ್ಲ. ಈಗ ಊದಿದರೆ ಮಷೀನೂ ಅಪ್ಪನ ಮಾತೇ ಆಡುತ್ತದೆ. ಬೇಕೆಂದೇ ಮೆಲ್ಲಗೆ ಊದಿಬಿಡಲೇ ಎಂದುಕೊಂಡೆ. ಹಾಗೆ ಮಾಡಿದರೆ ನನ್ನ ದಮ್ಮು ನಾಟಕ ಎಂಬುದು ಅಂದಿನಿಂದ ನಿಜವಾಗುತ್ತಿತ್ತು. ಒಳಗೆ ಕರೆದಾಗ ಪರೀಕ್ಷೆ ಮಾಡುವಾಕೆಗೆ ಹೇಳಿದೆ: "ಮೇಡಂ, ಮುಂಜಾನಿ ಗುಳಿಗಿ ನುಂಗೀನ್ರಿ."

ಬಾಗಿಲಲ್ಲಿದ್ದ ಅವ್ವ ಒಳಗೆ ಬಂದಳು. "ಅಕಿ ನುಂಗಿಲ್ರೀ. ನಾ ನುಂಗಿಸೀನಿ."

ಮೇಡಂ ಊದುವ ಕೊಳವೆಯನ್ನು ಪಕ್ಕಕ್ಕಿಟ್ಟು, "ಶುಕ್ರವಾರ ಬರ್ರಿ. ಮತ್ತ ಎಲ್ಲಾ ಬಂದ್ ಮಾಡ್ಬೇಕು. ತಡಿಯಂಗಿಲ್ಲ ಅಂದ್ರ ಪಂಪ್ ತಗೋಬೇಕವ್ವಾ, ಜೀವ ಗಟ್ಟಿ ಹಿಡ್ಕೊಂಡು ಕೂಡಬಾರ್ದು," ಎಂದರು.

ಹೊರಗೆ ಬರುವಷ್ಟರಲ್ಲಿ ಅಪ್ಪನ ಫೋನು. ಅವ್ವನೇ ಎತ್ತಿದಳು. "ಏನಂತ ಮಷೀನು?" ಅನ್ನುವುದು ನನಗೂ ಕೇಳಿಸಿತು.

"ಇನ್ನಾ ಕೇಳಿಲ್ಲ. ನಂದ ತಪ್ಪಾತು. ಶುಕ್ರವಾರ ನೀವ ಕರ್ಕೊಂಡು ಬರ್ರಿ. ಅಲ್ಲೀತನ ರಾತ್ರಿ ನೀವ ಅಕಿ ಬೆನ್ನು ತಿಕ್ರಿ. ನನ್ ಕಡಿಂದ ನೋಡ್ಲಾಕ ಆಗಂಗಿಲ್ಲ."

ಅಷ್ಟು ಹೇಳಿ ಅವ್ವ ಫೋನು ಇಟ್ಟಳು.

ವಾಪಸು ಬಸ್ಸಿನಲ್ಲಿ ಅವ್ವ ಇನ್ನೊಂದು ಹಣ್ಣು ಸುಲಿದಳು. ಉದ್ದಕ್ಕೆ ಸೀಳಿ ಎರಡೂ ಹೋಳುಗಳನ್ನು ನನ್ನ ಮುಂದೆ ಹಿಡಿದು ತೋರಿಸಿದಳು. ಒಳಗೆ ಏನೂ ಇರಲಿಲ್ಲ. ತೆಗೆದುಕೊಂಡು ಮೊದಲ ತುಂಡಿನಿಂದಲೇ ಅಗಿದೆ. ಊರು ಹತ್ತಿರವಾದಂತೆ ಎದೆ ಮತ್ತೆ ಬಿಗಿಯತೊಡಗಿತ್ತು. ಇನ್ನೂ ಮಂಗಳವಾರವೇ.